ಆನೆ ಹೋಯಿತು, ಬಾಲ ಸಿಕ್ಕಿಕೊಂಡಿತು: ಹೈಡ್ರೋಜನ್‌ನಿಂದ ಕಬ್ಬಿಣ ತೆಗೆಯುವ ಕಥೆ

(ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಬೇಕು ಎಂಬ ಒಂದು ಕಾರ್ಯಕ್ರಮದಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಎರಡು ಉಂಡೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ಕೊನೆಗೆ ನನಗೆ ವಾಪಸ್ ಬರಬೇಕು, ಲೆಕ್ಕ ಇಟ್ಟಿದ್ದೇನೆ!

ಎರಡೂ ಗೋಲಿಗಿಂತ ಕೊಂಚ ಚಿಕ್ಕವು, ಸುಮಾರು 12 ಮಿಲಿಮೀಟರ್ ಅಗಲ. ಒಂದು ಇಟ್ಟಿಗೆ ಬಣ್ಣ, ಇನ್ನೊಂದು ಬೂದು. ಇಟ್ಟಿಗೆ ಬಣ್ಣದ್ದು ಕಬ್ಬಿಣದ ಅದಿರನ್ನು ನುಣ್ಣಗೆ ಪುಡಿ ಮಾಡಿ, ಉಂಡೆ ಕಟ್ಟಿ, ಸುಟ್ಟಿದ್ದು. ಉದ್ಯಮದಲ್ಲಿ ಇದಕ್ಕೆ ಪೆಲೆಟ್ ಅನ್ನುತ್ತಾರೆ. ಬೂದು ಉಂಡೆಯೂ ಮೊದಲು ಹಾಗೇ ಇತ್ತು. ಅದನ್ನು 800 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹೈಡ್ರೋಜನ್ ಹರಿಯುವ ಕೊಳವೆಯೊಳಗೆ ಇಟ್ಟಿದ್ದೆ. ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದೆ. ತೂಕ ಮಾತ್ರ ನೂರಕ್ಕೆ ಮೂವತ್ತರ ಹತ್ತಿರ ಇಳಿದಿದೆ.

ಇಳಿದ ಆ ತೂಕ ಆಕ್ಸಿಜನ್ನಿನದು. ಅದು ಹೇಗೆ ಹೊರಗೆ ಹೋಯಿತು, ಎಷ್ಟು ಬೇಗ ಹೋಯಿತು, ಯಾಕೆ ಪೂರ್ತಿ ಹೋಗಲಿಲ್ಲ? ನನ್ನ ಪಿಎಚ್‌ಡಿ ಅಂದರೆ ಇಷ್ಟೇ. ಒಂದೇ ಸಾಲಿನಲ್ಲಿ ಹೇಳಬಹುದು. ಮಾಡೋದಕ್ಕೆ ಮಾತ್ರ ನಾಲ್ಕನೇ ವರ್ಷ ನಡೀತಾ ಇದೆ.

ಕಬ್ಬಿಣ ನೆಲದಲ್ಲಿ ಒಂಟಿಯಾಗಿ ಸಿಗುವುದಿಲ್ಲ. ಆಕ್ಸಿಜನ್ ಜೊತೆ ಕೂಡಿಕೊಂಡೇ ಸಿಗುತ್ತದೆ. ನಮಗೆ ಜಾಸ್ತಿ ಸಿಗುವ ಅದಿರು ಹೆಮಟೈಟ್. ಅದರ 160 ಗ್ರಾಂ ತೆಗೆದುಕೊಂಡರೆ 112 ಗ್ರಾಂ ಕಬ್ಬಿಣ, 48 ಗ್ರಾಂ ಆಕ್ಸಿಜನ್. ಕಬ್ಬಿಣ ತೆಗೆಯುವುದು ಅಂದರೆ ಈ 48 ಗ್ರಾಮನ್ನು ಬಿಡಿಸುವುದು. ಸುಮ್ನೆ ಬಿಸಿ ಮಾಡಿದರೆ ಬಿಡುವುದಿಲ್ಲ. ಕಬ್ಬಿಣಕ್ಕಿಂತ ಹೆಚ್ಚು ಆಸೆಯಿಂದ ಆಕ್ಸಿಜನ್ನನ್ನು ಎಳೆದುಕೊಳ್ಳುವ ಇನ್ನೊಂದು ವಸ್ತು ಬೇಕು. ಇಲ್ಲಿಯವರೆಗೆ ಆ ಕೆಲಸ ಮಾಡಿದ್ದು ಇಂಗಾಲ. ಮೊದಲು ಇದ್ದಿಲು. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಕೋಕ್ ಬಳಸಿ ಕಬ್ಬಿಣ ಕರಗಿಸಿ ತೋರಿಸಿದ. ಕಲ್ಲಿದ್ದಲನ್ನು ಗಾಳಿ ತಾಗದ ಹಾಗೆ ಸುಟ್ಟರೆ ಬರುವ ಗಟ್ಟಿ ಇಂಗಾಲವೇ ಕೋಕ್. ಅಲ್ಲಿಂದ ಮುಂದೆ ಊದುಕುಲುಮೆಗಳು, ಅಂದರೆ ಬಿಸಿ ಗಾಳಿ ಊದಿ ಅದಿರಿನಿಂದ ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳು, ಅದರ ಮೇಲೇ ನಿಂತಿವೆ.

ಈ ಕೋಕ್ ಒಂದೇ ಸಂಬಳಕ್ಕೆ ನಾಲ್ಕು ಕೆಲಸ ಮಾಡುವ ಆಳು. ಉರಿದು ಶಾಖ ಕೊಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಆಗಿ ಅದಿರಿನಿಂದ ಆಕ್ಸಿಜನ್ ಕೀಳುತ್ತದೆ. ಕುಲುಮೆಯೊಳಗೆ ಅದಿರು ಮೆತ್ತಗಾಗಿ ಕುಸಿಯುವಾಗ ತಾನು ಗಟ್ಟಿಯಾಗಿ ನಿಂತು, ಮೇಲಿನ ಭಾರ ಹೊತ್ತು, ಗಾಳಿ ಏರಲು ಸಂದು ಬಿಡುತ್ತದೆ. ನಾಲ್ಕನೆಯದು ಯಾರ ಗಮನಕ್ಕೂ ಬರುವುದಿಲ್ಲ. ಸ್ವಲ್ಪ ಇಂಗಾಲ ಕಬ್ಬಿಣದಲ್ಲೇ ಕರಗುತ್ತದೆ, ನೂರಕ್ಕೆ ನಾಲ್ಕು ಪಾಲಿಗಿಂತ ಕೊಂಚ ಹೆಚ್ಚು. ಅದರಿಂದ ಕಬ್ಬಿಣ ಬೇಗ ಕರಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಅಷ್ಟು ಇಂಗಾಲ ಸೇರಿದರೆ 1150ರ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ.

ಆಳಿಗೆ ಕೊಡಬೇಕಾದ ಸಂಬಳ ಇಂಗಾಲದ ಡೈಆಕ್ಸೈಡ್. ಈ ದಾರಿಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿಗಿಂತ ಜಾಸ್ತಿ ಡೈಆಕ್ಸೈಡ್ ಹೊರಗೆ ಬರುತ್ತದೆ. ಜಗತ್ತು ವರ್ಷಕ್ಕೆ ಸುಮಾರು 190 ಕೋಟಿ ಟನ್ ಉಕ್ಕು ಮಾಡುತ್ತದೆ. ಗುಜರಿ ಕರಗಿಸಿ ಮಾಡಿದ್ದೂ ಅದರಲ್ಲಿ ಸೇರಿದೆ. ಮನುಷ್ಯರು ಹೊರಬಿಡುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಉಕ್ಕಿನ ಪಾಲು ನೂರಕ್ಕೆ ಏಳರಷ್ಟು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಇದು ಬರೀ ಶಾಖಕ್ಕಾಗಿ ಸುಟ್ಟ ಇಂಧನದ ಹೊಗೆ ಅಲ್ಲ. ಅದಿರಿನಿಂದ ಬಿಡಿಸಿಕೊಂಡ ಆಕ್ಸಿಜನ್ ಎಲ್ಲಿಗಾದರೂ ಹೋಗಲೇಬೇಕಲ್ಲ, ಅದು ಇಂಗಾಲದ ಹೆಗಲೇರಿ ಹೊರಗೆ ಬರುತ್ತಿದೆ. ಹಾಗಾಗಿ ಕುಲುಮೆಯನ್ನು ಎಷ್ಟೇ ಚೊಕ್ಕಟವಾಗಿ ನಡೆಸಿದರೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆಳನ್ನೇ ಬದಲಿಸಬೇಕು.

ಹೊಸ ಆಳು ಹೈಡ್ರೋಜನ್. ಕನ್ನಡದಲ್ಲಿ ಅದಕ್ಕೆ ಜಲಜನಕ ಅನ್ನುತ್ತೇವೆ, ನೀರನ್ನು ಹುಟ್ಟಿಸುವುದು ಅಂತ. ಶಾಲೆಯಲ್ಲಿ ಆ ಪದವನ್ನು ಬಾಯಿಪಾಠ ಮಾಡಿದ್ದೆ, ಅರ್ಥ ಆಗಿರಲಿಲ್ಲ. ಪ್ರಯೋಗಾಲಯದಲ್ಲಿ ಕೊಳವೆಯ ತುದಿಯಿಂದ ಮೊದಲ ಹನಿ ಬಿದ್ದಾಗ ಅರ್ಥವಾಯಿತು. ಹೈಡ್ರೋಜನ್ ಅದಿರಿನ ಆಕ್ಸಿಜನ್ನನ್ನು ಎಳೆದುಕೊಂಡು ನೀರಿನ ಆವಿಯಾಗಿ ಹೊರಗೆ ಬರುತ್ತದೆ. ಹೊಗೆಯ ಬದಲು ಹಬೆ. ಒಂದು ಟನ್ ಕಬ್ಬಿಣಕ್ಕೆ ಲೆಕ್ಕದ ಪ್ರಕಾರ ಸುಮಾರು 54 ಕಿಲೋ ಹೈಡ್ರೋಜನ್ ಸಾಕು. ಹೊರಗೆ ಬರುವ ನೀರು 480 ಕಿಲೋ ಚಿಲ್ಲರೆ.

ಇಷ್ಟು ಹೇಳಿ ಮಾತು ಮುಗಿಸಿದರೆ ಎಲ್ಲರೂ ಖುಷಿಯಾಗಿ ಮನೆಗೆ ಹೋಗಬಹುದು. ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಹಳೆಯ ಆಳು ನಾಲ್ಕು ಕೆಲಸ ಮಾಡುತ್ತಿದ್ದ, ಹೊಸಬ ಒಂದೇ ಮಾಡುತ್ತಾನೆ. ಶಾಖ ಕೊಡುವುದಿರಲಿ, ಇವನೇ ಶಾಖ ಕೇಳುತ್ತಾನೆ. ಕಾರ್ಬನ್ ಮೊನಾಕ್ಸೈಡ್ ಹೆಮಟೈಟ್ ಜೊತೆ ವರ್ತಿಸಿದರೆ ಸ್ವಲ್ಪ ಬಿಸಿ ಹೊರಬೀಳುತ್ತದೆ. ಹೈಡ್ರೋಜನ್ ವರ್ತಿಸಿದರೆ ಬಿಸಿಯನ್ನು ಹೀರಿಕೊಳ್ಳುತ್ತದೆ. ದೊಡ್ಡ ಕುಲುಮೆಯಲ್ಲಿ ಇದರ ಪರಿಣಾಮ ಏನು ಗೊತ್ತಾ? ಒಳಗಿನ ಪೆಲೆಟ್‌ಗಳು ತಣ್ಣಗಾಗುತ್ತವೆ, ತಣ್ಣಗಾದರೆ ಕೆಲಸ ನಿಧಾನವಾಗುತ್ತದೆ. ಅದಕ್ಕೇ ಅನಿಲವನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಹರಿಸಬೇಕು.

ಹೆಚ್ಚು ಹರಿಸಲು ಇನ್ನೊಂದು ಕಾರಣವೂ ಇದೆ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಹೈಡ್ರೋಜನ್ ಆಕ್ಸಿಜನ್ನನ್ನು ಕೀಳುತ್ತಾ ಹೋದ ಹಾಗೆ ಸುತ್ತ ನೀರಾವಿ ತುಂಬುತ್ತದೆ. ಆ ನೀರಾವಿ ಸುಮ್ಮನಿರುವುದಿಲ್ಲ. ಹೊಸದಾಗಿ ಹುಟ್ಟಿದ ಕಬ್ಬಿಣಕ್ಕೆ ಆಕ್ಸಿಜನ್ನನ್ನು ವಾಪಸ್ ಕೊಡಲು ನೋಡುತ್ತದೆ. ಒಂದು ಹಂತದಲ್ಲಿ ಕೀಳುವುದೂ ಕೊಡುವುದೂ ಸಮವಾಗಿ ನಿಂತುಬಿಡುತ್ತದೆ. 800 ಡಿಗ್ರಿಯಲ್ಲಿ, ಕೊನೆಯ ಹೆಜ್ಜೆಯಲ್ಲಿ, ನೂರು ಹೈಡ್ರೋಜನ್ ಅಣುಗಳಲ್ಲಿ ಸುಮಾರು 35 ಮಾತ್ರ ಕೆಲಸ ಮಾಡಬಹುದು. ಯುಗಗಟ್ಟಲೆ ಕಾದರೂ ಅಷ್ಟೇ. ಉಳಿದ 65 ಹಾಗೇ ಹೊರಗೆ ಬರುತ್ತವೆ. ಅವನ್ನು ತಣ್ಣಗೆ ಮಾಡಿ, ನೀರು ಇಳಿಸಿ, ಮತ್ತೆ ಕಾಯಿಸಿ ಒಳಗೆ ಕಳಿಸಬೇಕು.

ಕೊನೆಯ ಹೆಜ್ಜೆ ಅಂದೆ. ಎಷ್ಟು ಹೆಜ್ಜೆ? 570 ಡಿಗ್ರಿಗಿಂತ ಮೇಲೆ ಮೂರು. ಕೆಂಪು ಹೆಮಟೈಟ್ ಮೊದಲು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಆಮೇಲೆ ವುಸ್ಟೈಟ್, ಆಮೇಲೆ ಕಬ್ಬಿಣ. ಆಗ ಹೇಳಿದ 48 ಗ್ರಾಂ ಆಕ್ಸಿಜನ್ನಿನಲ್ಲಿ ಮೊದಲ ಹೆಜ್ಜೆಗೆ 5 ಗ್ರಾಂ ಚಿಲ್ಲರೆ ಹೋಗುತ್ತದೆ. ಎರಡನೆಯದಕ್ಕೆ ಇನ್ನೂ 10-11 ಗ್ರಾಂ. ಇವೆರಡೂ ಸರಸರ ಮುಗಿಯುತ್ತವೆ. ಉಳಿದ ಸುಮಾರು 32 ಗ್ರಾಂ, ಅಂದರೆ ಮೂರರಲ್ಲಿ ಎರಡು ಪಾಲು, ವುಸ್ಟೈಟ್‌ನಿಂದಲೇ ಬರಬೇಕು. ಈ ವುಸ್ಟೈಟ್ ವಿಚಿತ್ರ ವಸ್ತು. ಪಠ್ಯಪುಸ್ತಕದಲ್ಲಿ ಒಂದು ಕಬ್ಬಿಣಕ್ಕೆ ಒಂದು ಆಕ್ಸಿಜನ್ ಅಂತ ಬರೆದಿರುತ್ತಾರೆ. ನಿಜದಲ್ಲಿ ನೂರು ಆಕ್ಸಿಜನ್ನಿಗೆ 95ರ ಹತ್ತಿರ ಕಬ್ಬಿಣದ ಪರಮಾಣುಗಳು ಇರುತ್ತವೆ. ಉಳಿದ ಜಾಗ ಖಾಲಿ.

ಮೂರನೇ ಹೆಜ್ಜೆಯೂ ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಹೈಡ್ರೋಜನ್ ಅಣು ಪುಟ್ಟದು, ಹಗುರ. ಪೆಲೆಟ್ಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕಾರ್ಬನ್ ಮೊನಾಕ್ಸೈಡ್‌ಗಿಂತ ಎಷ್ಟೋ ಬೇಗ ನುಗ್ಗುತ್ತದೆ. ನೂರಕ್ಕೆ 80, 85, 90 ಪಾಲು ಆಕ್ಸಿಜನ್ ಹೋಯಿತು ಅನ್ನುವಷ್ಟರಲ್ಲಿ, ತೂಕ ಇಳಿಯುವುದನ್ನು ತೋರಿಸುವ ಕಂಪ್ಯೂಟರಿನ ಗೆರೆ ಬಾಗಿ, ಮಲಗಿಬಿಡುತ್ತದೆ. ಅಲ್ಲಿಂದ ಮುಂದೆ ಕಾಯುವುದೇ ಕೆಲಸ. ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗೆ. ನಾನು ಓದುತ್ತಿರುವುದು ಆ ಬಾಲವನ್ನು.

ಬಾಲ ಯಾಕೆ ಸಿಕ್ಕಿಕೊಳ್ಳುತ್ತದೆ? ಅರ್ಧ ಆದ ಪೆಲೆಟ್ ಒಂದನ್ನು ಕತ್ತರಿಸಿ, ನುಣ್ಣಗೆ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುತ್ತದೆ. ವುಸ್ಟೈಟ್‌ನ ಸಣ್ಣ ಕಣಗಳ ಸುತ್ತ ಕಬ್ಬಿಣದ ಚಿಪ್ಪು ಕಟ್ಟಿಕೊಂಡಿರುತ್ತದೆ. ಚಿಪ್ಪಿನಲ್ಲಿ ರಂಧ್ರ ಇದ್ದರೆ ಹೈಡ್ರೋಜನ್ ಒಳಗೆ ಹೋಗುತ್ತದೆ, ನೀರಾವಿ ಹೊರಗೆ ಬರುತ್ತದೆ, ತೊಂದರೆ ಇಲ್ಲ. ಚಿಪ್ಪು ದಟ್ಟವಾಗಿ ಮುಚ್ಚಿಕೊಂಡರೆ ಒಳಗಿನ ಆಕ್ಸಿಜನ್ ಗಟ್ಟಿ ಕಬ್ಬಿಣದ ಮೂಲಕವೇ ಒಂದೊಂದು ಪರಮಾಣುವಾಗಿ ತೂರಿಕೊಂಡು ಬರಬೇಕು. ಅದು ಬಹಳ ನಿಧಾನ. ಹಾಗಾದರೆ ಬಿಸಿ ಹೆಚ್ಚಿಸೋಣ ಅಂತ ಅನಿಸುತ್ತದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಬಿಸಿ ಹೆಚ್ಚಾದರೆ ಕಬ್ಬಿಣದ ಕಣಗಳು ಒಂದಕ್ಕೊಂದು ಬೆಸೆದುಕೊಂಡು ರಂಧ್ರಗಳೇ ಮುಚ್ಚಿಹೋಗುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಪೆಲೆಟ್ ಕಟ್ಟುವಾಗಲೇ ಎಷ್ಟು ರಂಧ್ರ ಇಡಬೇಕು, ಸುಣ್ಣ ಅಥವಾ ಮೆಗ್ನೀಷಿಯಾ ಸೇರಿಸಿದರೆ ಚಿಪ್ಪಿನ ಸ್ವಭಾವ ಬದಲಾಗುತ್ತದಾ, ಇವೇ ನನ್ನ ಪ್ರಶ್ನೆಗಳು.

ಪ್ರಯೋಗ ನೋಡಲು ಬಂದವರಿಗೆ ಬಹಳ ನಿರಾಸೆಯಾಗುತ್ತದೆ. ಕಿಡಿ ಇಲ್ಲ, ಕರಗಿದ ಲೋಹ ಇಲ್ಲ. ಒಂದು ನಿಂತ ಕೊಳವೆ, ಸುತ್ತ ವಿದ್ಯುತ್ ಕುಲುಮೆ, ಮೇಲೊಂದು ತಕ್ಕಡಿ. ತಕ್ಕಡಿಯಿಂದ ಸಣ್ಣ ತಂತಿಯಲ್ಲಿ ಪೆಲೆಟ್ ನೇತಾಡುತ್ತಿರುತ್ತದೆ. ಅದರ ತೂಕ ಇಳಿಯುವುದನ್ನು ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಅಷ್ಟೇ.

ಮೊದಲ ಪ್ರಯೋಗದ ದಿನ ನೆನಪಿದೆ. ಆರ್ಗಾನ್ ಅನಿಲದಲ್ಲಿ ಪೆಲೆಟ್ ಕಾಯಿಸಿ, ಬಿಸಿ ನಿಂತ ಮೇಲೆ ಹೈಡ್ರೋಜನ್ ತಿರುಗಿಸಿದೆ. ತೂಕ ಇಳಿಯಬೇಕಿತ್ತು. ಏರಿತು! ಕೆಲವೇ ಮಿಲಿಗ್ರಾಂ, ಆದರೆ ಏರಿದ್ದು ಏರಿದ್ದೇ. ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ ಅಂತ ಗಾಬರಿಯಿಂದ ಎಲ್ಲ ನಿಲ್ಲಿಸಿ, ಎರಡು ದಿನ ಜೋಡಣೆಗಳನ್ನು ಬಿಚ್ಚಿ ಕಟ್ಟಿದೆ. ಮತ್ತೆ ಅದೇ ಕಥೆ. ಕೊನೆಗೆ ನಮ್ಮ ಗೈಡ್ ಬಂದು ನೋಡಿ, ‘ನೀರಿನಲ್ಲಿ ಮುಳುಗಿಸಿದ ಕಲ್ಲನ್ನು ಎತ್ತಿದರೆ ಭಾರ ಯಾಕೆ ಆಗುತ್ತೆ?’ ಅಂತ ಕೇಳಿ ಹೋದರು. ಉತ್ತರ ಹೇಳಲಿಲ್ಲ. ಆರ್ಗಾನ್ ದಟ್ಟ ಅನಿಲ, ಪೆಲೆಟ್ಟನ್ನೂ ಅದರ ಬುಟ್ಟಿಯನ್ನೂ ಕೊಂಚ ತೇಲಿಸುತ್ತಿತ್ತು. ಹೈಡ್ರೋಜನ್ ಅದಕ್ಕಿಂತ ಇಪ್ಪತ್ತು ಪಾಲು ಹಗುರ, ತೇಲಿಸುವುದಿಲ್ಲ. ಅನಿಲ ಬದಲಾದ ಕೂಡಲೇ ತಕ್ಕಡಿಗೆ ಭಾರ ಹೆಚ್ಚಾದ ಹಾಗೆ ಕಂಡಿದೆ. ಹೈಸ್ಕೂಲಿನ ಆರ್ಕಿಮಿಡೀಸ್ ಪಾಠ. ಈಗ ಪ್ರತಿ ಪ್ರಯೋಗಕ್ಕೂ ಮೊದಲು ಖಾಲಿ ಬುಟ್ಟಿಯನ್ನು ತೂಗಿ ಆ ವ್ಯತ್ಯಾಸ ಕಳೆಯುತ್ತೇನೆ.

ಇನ್ನೊಂದು ಸಲ ಮೂರು ವಾರದ ಅಂಕಿಗಳು ಹಾಳಾದವು. ಹೊರಹೋಗುವ ಕೊಳವೆ ತಣ್ಣಗಿತ್ತು, ನೀರಾವಿ ಅಲ್ಲೇ ಹನಿಯಾಗಿ, ಅನಿಲದ ದಾರಿ ಕಟ್ಟುತ್ತಿತ್ತು. ಗೆರೆಯಲ್ಲಿ ಚಂದದ ಅಲೆಗಳು ಬರುತ್ತಿದ್ದವು. ಹೊಸದೇನೋ ಕಂಡುಹಿಡಿದೆ ಅಂತ ಒಂದು ವಾರ ಖುಷಿಯಲ್ಲಿದ್ದೆ. ಈಗ ಆ ಕೊಳವೆಗೆ ಬಿಸಿ ಪಟ್ಟಿ ಸುತ್ತಿದ್ದೇನೆ.

ಸರಿ, ಆ ಬಾಲ ಉಳಿದರೆ ಉಳಿಯಲಿ, ಏನಾಯಿತು? ಒಳ್ಳೆಯ ಪ್ರಶ್ನೆ. ಹೀಗೆ ಕರಗಿಸದೆ ಆಕ್ಸಿಜನ್ ತೆಗೆದ, ಒಳಗೆಲ್ಲ ರಂಧ್ರ ಇರುವ ಕಬ್ಬಿಣಕ್ಕೆ ಸ್ಪಾಂಜ್ ಐರನ್ ಅನ್ನುತ್ತಾರೆ. ಇವತ್ತು ನೈಸರ್ಗಿಕ ಅನಿಲದಿಂದ ಅದನ್ನು ಮಾಡುವ ಕಾರ್ಖಾನೆಗಳಲ್ಲೂ ಬಾಲ ಉಳಿಯುತ್ತದೆ. ನೂರಕ್ಕೆ 92ರಿಂದ 95 ಪಾಲು ಲೋಹವಾದರೆ ಅವರು ಸಾಕು ಅನ್ನುತ್ತಾರೆ. ಹೈಡ್ರೋಜನ್ನಿಗೂ ಕಬ್ಬಿಣಕ್ಕೂ ಅಲ್ಲಿ ಹಳೇ ಪರಿಚಯ. ಮಿಡ್ರೆಕ್ಸ್ ಎಂಬ ವಿಧಾನದಲ್ಲಿ ಕುಲುಮೆಗೆ ಹೋಗುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೈಡ್ರೋಜನ್ನೇ ಇರುತ್ತದೆ. ಆದರೆ ಉಳಿದ ಪಾಲಿನಲ್ಲಿ ಇಂಗಾಲದ ಅನಿಲಗಳಿವೆ. ಅವುಗಳಿಂದ ಸ್ಪಾಂಜ್ ಐರನ್ನಿಗೆ ಒಂದಿಷ್ಟು ಇಂಗಾಲ ಸೇರಿಕೊಳ್ಳುತ್ತದೆ. ಮುಂದೆ ಅದನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವಾಗ ಆ ಇಂಗಾಲ, ಉಳಿದ ಆಕ್ಸಿಜನ್ ಜೊತೆ ಸೇರಿ, ಗುಳ್ಳೆಯಾಗಿ ಹೊರಗೆ ಬರುತ್ತದೆ. ಬಾಲವನ್ನು ಎಳೆದು ಹಾಕುವುದೂ ಅದೇ. ಆ ಗುಳ್ಳೆಗಳಿಂದ ಮೇಲಿನ ಕಿಟ್ಟ, ಅಂದರೆ ಲೋಹದ ಮೇಲೆ ತೇಲುವ ಕರಗಿದ ಕಶ್ಮಲ, ನೊರೆಯಂತೆ ಉಬ್ಬಿ, ಕುಲುಮೆಗೆ ಶಾಖ ಕೊಡುವ ಮಿಂಚಿನಂಥ ವಿದ್ಯುತ್ ಚಾಪವನ್ನು ಮುಚ್ಚಿ, ಶಾಖ ಹೊರಗೆ ಹಾರಿಹೋಗದ ಹಾಗೆ ಕಂಬಳಿ ಹೊದಿಸುತ್ತದೆ.

ಬರೀ ಹೈಡ್ರೋಜನ್ನಿನಲ್ಲಿ ಮಾಡಿದ ಕಬ್ಬಿಣದಲ್ಲಿ ಇಂಗಾಲ ಇಲ್ಲವೇ ಇಲ್ಲ. ಬಾಲ ಎಳೆಯುವವರಿಲ್ಲ, ನೊರೆ ಎಬ್ಬಿಸುವವರಿಲ್ಲ, ಬೇಗ ಕರಗಿಸುವವರೂ ಇಲ್ಲ. ಉಳಿದ ವುಸ್ಟೈಟ್ ಕಿಟ್ಟದೊಳಗೆ ಸೇರಿ, ಅಷ್ಟು ಕಬ್ಬಿಣ ನಷ್ಟವಾಗುತ್ತದೆ. ಅದಕ್ಕೇ ಈ ದಾರಿಯಲ್ಲಿ ಬಾಲಕ್ಕೆ ಬೆಲೆ ಬಂದಿದೆ. ಬೇಕಾದರೆ ಹೊರಗಿನಿಂದ ಸ್ವಲ್ಪ ಇಂಗಾಲ ಹಾಕಬಹುದು, ಗಿಡಮರಗಳಿಂದ ಬಂದ ಇಂಗಾಲವನ್ನೂ ಹಾಕಿ ನೋಡುತ್ತಿದ್ದಾರೆ. ಹಳೆಯ ಆಳನ್ನು ಮನೆಯಿಂದ ಕಳಿಸಿ, ವಾರಕ್ಕೊಮ್ಮೆ ಬಂದು ಹೋಗಪ್ಪಾ ಅಂದ ಹಾಗೆ!

ಅದಿರಿನ ಮಣ್ಣಿನ ಸಮಸ್ಯೆಯೂ ಇದೆ. ಊದುಕುಲುಮೆಯಲ್ಲಿ ಎಲ್ಲ ಕರಗುವುದರಿಂದ ಮಣ್ಣು, ಮರಳು ಕಿಟ್ಟವಾಗಿ ಬೇರೆಯಾಗುತ್ತದೆ. ನಮ್ಮ ಪೆಲೆಟ್ ಕರಗುವುದೇ ಇಲ್ಲ, ಆಕ್ಸಿಜನ್ ಮಾತ್ರ ಹೋಗುತ್ತದೆ, ಮಣ್ಣೆಲ್ಲ ಒಳಗೇ ಉಳಿಯುತ್ತದೆ. ಹಾಗಾಗಿ ನೂರಕ್ಕೆ 67ರಷ್ಟು ಕಬ್ಬಿಣ ಇರುವ ಉತ್ತಮ ಪೆಲೆಟ್‌ಗಳನ್ನೇ ಕೇಳುತ್ತಾರೆ. ಅಂಥ ಅದಿರು ಎಲ್ಲ ಕಡೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಹೈಡ್ರೋಜನ್ನಿನ ಕೊರತೆಗಿಂತ ಇದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ.

ಇದೆಲ್ಲ ಕಾರ್ಖಾನೆಯಲ್ಲಿ ಆಗುತ್ತದಾ ಅಂದರೆ, ಆಗಿದೆ. 1999ರಲ್ಲೇ ಟ್ರಿನಿಡಾಡ್‌ನ ಪಾಯಿಂಟ್ ಲೀಸಾಸ್‌ನಲ್ಲಿ ಸರ್ಕೋರೆಡ್ ಎಂಬ ವಿಧಾನದ ಕಾರ್ಖಾನೆ ಬರೀ ಹೈಡ್ರೋಜನ್ ಬಳಸಿ ಅದಿರಿನ ಪುಡಿಯಿಂದ ಕಬ್ಬಿಣ ತೆಗೆಯಿತು. ಆದರೆ ಆ ಹೈಡ್ರೋಜನ್ ಬಂದದ್ದು ನೈಸರ್ಗಿಕ ಅನಿಲದಿಂದ. ಮುಂಬಾಗಿಲಲ್ಲಿ ಹಬೆ, ಹಿತ್ತಲಲ್ಲಿ ಇಂಗಾಲ. ಸ್ವೀಡನ್ನಿನಲ್ಲಿ ಹೈಬ್ರಿಟ್ ಎಂಬ ಯೋಜನೆ ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ಮಾಡಿಕೊಂಡಿತು. ಎಸ್‌ಎಸ್‌ಎಬಿ, ಎಲ್‌ಕೆಎಬಿ, ವ್ಯಾಟನ್‌ಫಾಲ್ ಎಂಬ ಮೂರು ಕಂಪನಿಗಳು, ಅಂದರೆ ಉಕ್ಕಿನವರು, ಗಣಿಯವರು, ವಿದ್ಯುತ್ತಿನವರು ಸೇರಿ ಶುರು ಮಾಡಿದ್ದು. ಲೂಲಿಯೊದಲ್ಲಿ ಅದರ ಪ್ರಾಯೋಗಿಕ ಘಟಕ 2020ರ ಆಗಸ್ಟ್‌ನಲ್ಲಿ ಶುರುವಾಯಿತು. 2021ರ ಆಗಸ್ಟ್‌ನಲ್ಲಿ ಆ ಕಬ್ಬಿಣದಿಂದ ಮಾಡಿದ ಮೊದಲ ಉಕ್ಕು ವೋಲ್ವೋ ಕಂಪನಿಗೆ ಹೋಯಿತು.

ಈಗ ಹಿತ್ತಲಿನ ಲೆಕ್ಕ ಮಾಡಿಬಿಡೋಣ. ನೀರು ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡಲು 50 ಯೂನಿಟ್‌ಗಿಂತ ಜಾಸ್ತಿ ವಿದ್ಯುತ್ ಬೇಕು. ಟನ್ನಿಗೆ 54 ಕಿಲೋ ಅಂದರೆ 2,800 ಯೂನಿಟ್‌ನ ಆಸುಪಾಸು. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದದ್ದಾದರೆ ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕಿಲೋ ಡೈಆಕ್ಸೈಡ್. ಅಂದರೆ ಊದುಕುಲುಮೆಗಿಂತ ಜಾಸ್ತಿ ಹೊಗೆ! ಆಗ ನಮ್ಮ ಬೂದು ಉಂಡೆಗಿಂತ ಹಳೆಯ ಕುಲುಮೆಯೇ ವಾಸಿ. ಇನ್ನು ಜಗತ್ತಿನ ಊದುಕುಲುಮೆಗಳು ವರ್ಷಕ್ಕೆ ತೆಗೆಯುವ ಸುಮಾರು 130 ಕೋಟಿ ಟನ್ ಕಬ್ಬಿಣವನ್ನೆಲ್ಲ ಹೀಗೆ ಮಾಡಬೇಕಾದರೆ 7 ಕೋಟಿ ಟನ್ ಹೈಡ್ರೋಜನ್ ಬೇಕು. ಇವತ್ತು ಇಡೀ ಜಗತ್ತು ಎಲ್ಲ ಕೆಲಸಕ್ಕೂ ಸೇರಿ ಮಾಡುವ ಹೈಡ್ರೋಜನ್ನೇ 10 ಕೋಟಿ ಟನ್ನಿನ ಹತ್ತಿರ. ಅದರಲ್ಲಿ ಹೆಚ್ಚಿನದೆಲ್ಲ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬಂದದ್ದು. ಈ ಲೆಕ್ಕವನ್ನು ನಾನು ಪ್ರತಿ ಮಾತಿನಲ್ಲೂ ಹೇಳುತ್ತೇನೆ. ಕೇಳಿದವರು ಸಪ್ಪಗಾಗುತ್ತಾರೆ, ಆದರೂ ಹೇಳುತ್ತೇನೆ.

ಇನ್ನು ನೀವು ಕೇಳಿದ ಪ್ರಶ್ನೆಗಳು.

‘ಈಗಿರುವ ಊದುಕುಲುಮೆಗೇ ಹೈಡ್ರೋಜನ್ ಊದಿದರೆ ಆಗಲ್ವಾ?’ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಊದುತ್ತಿದ್ದಾರೆ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 2019ರಲ್ಲೇ ಊದಿ ನೋಡಿದರು, ಜಪಾನಿನಲ್ಲೂ ವರ್ಷಗಳಿಂದ ನಡೆದಿದೆ. ಡೈಆಕ್ಸೈಡ್ ಸ್ವಲ್ಪ ಇಳಿಯುತ್ತದೆ. ಆದರೆ ಕೋಕ್‌ನ ಮೂರನೇ ಕೆಲಸ ನೆನಪಿಸಿಕೊಳ್ಳಿ, ಭಾರ ಹೊರುವುದು. ಅನಿಲ ಭಾರ ಹೊರುವುದಿಲ್ಲ.

‘ಹೈಡ್ರೋಜನ್ ಜೊತೆ ಕೆಲಸ ಮಾಡಲು ಭಯ ಆಗಲ್ವಾ?’ ಆಗುತ್ತದೆ, ಆಗಬೇಕು. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಹೊತ್ತಿಕೊಳ್ಳಬಹುದು. ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ನಿಜ ಹೇಳಬೇಕೆಂದರೆ ನನಗೆ ಸ್ಪಾಂಜ್ ಐರನ್ ಮೇಲೆ ಇನ್ನೂ ಜಾಸ್ತಿ ಅನುಮಾನ. ಒಳಗೆಲ್ಲ ರಂಧ್ರ ಇರುವುದರಿಂದ ಅದು ಒದ್ದೆಯಾದರೆ ಮತ್ತೆ ತುಕ್ಕು ಹಿಡಿಯುತ್ತಾ ಬಿಸಿಯಾಗುತ್ತದೆ, ಹೈಡ್ರೋಜನ್ ಬಿಡುತ್ತದೆ. 2003ರಲ್ಲಿ ಅಡಮಂಡಾಸ್ ಎಂಬ ಹಡಗಿನ ಸ್ಪಾಂಜ್ ಐರನ್ ಹೀಗೇ ಕಾಯತೊಡಗಿ, ಕೊನೆಗೆ ಫ್ರೆಂಚ್ ನೌಕಾಪಡೆ ಆ ಹಡಗನ್ನು ಹಿಂದೂ ಮಹಾಸಾಗರದಲ್ಲಿ, ರಿಯೂನಿಯನ್ ದ್ವೀಪದ ಹತ್ತಿರ, ಸ್ಫೋಟಿಸಿ ಮುಳುಗಿಸಬೇಕಾಯಿತು. ಅದಕ್ಕೇ ದೂರ ಸಾಗಿಸುವುದಾದರೆ ಬಿಸಿಯಿರುವಾಗಲೇ ಒತ್ತಿ ದಟ್ಟ ಇಟ್ಟಿಗೆ ಮಾಡುತ್ತಾರೆ. ನಿಮ್ಮ ಕೈಯಲ್ಲಿರುವ ಒಂದು ಉಂಡೆಯಿಂದ ಏನೂ ಆಗುವುದಿಲ್ಲ, ಹೆದರಬೇಡಿ.

ಮೂರನೆಯದು ಮುಂದಿನ ಸಾಲಿನಲ್ಲಿದ್ದ ಹುಡುಗಿಯದು. ‘ಆ ನೀರನ್ನು ಏನು ಮಾಡ್ತೀರಿ?’ ದೊಡ್ಡ ಕಾರ್ಖಾನೆಯಲ್ಲಾದರೆ ಅದನ್ನು ಶುದ್ಧ ಮಾಡಿ ಮತ್ತೆ ಒಡೆದು ಹೈಡ್ರೋಜನ್ ಮಾಡಬಹುದಮ್ಮ, ಸುತ್ತು ತಿರುಗುತ್ತದೆ. ನನ್ನ ಹತ್ತಿರ ಬರುವುದು ಪೆಲೆಟ್ ಒಂದಕ್ಕೆ ಒಂದು ಮಿಲಿಲೀಟರ್ ಅಷ್ಟೇ. ಅದನ್ನು ಸಣ್ಣ ಬಾಟಲಿಯಲ್ಲಿ ಹಿಡಿದು ತೂಗುತ್ತೇನೆ. ಪೆಲೆಟ್ ಕಳೆದುಕೊಂಡ ತೂಕಕ್ಕೂ ಬಾಟಲಿಗೆ ಬಂದ ನೀರಿಗೂ ಲೆಕ್ಕ ತಾಳೆ ಆಗಬೇಕು. ಹೋದ ವಾರ ಆಗಲಿಲ್ಲ, ನೀರು ಕಡಿಮೆ ಬಂತು. ಎಲ್ಲೋ ಸೋರುತ್ತಿದೆ. ನಾಳೆ ಬೆಳಿಗ್ಗೆ ಹೋಗಿ ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡಬೇಕು.